ನೊಬೆಲ್ ಬಂದವರಲ್ಲಿ ಯಾರನ್ನು ಮೊದಲು ಓದೋದು? ಯಾವ ಪುಸ್ತಕದಿಂದ ಶುರು ಮಾಡೋದು?

ಪ್ರತಿ ವರ್ಷ ಅಕ್ಟೋಬರ್ ತಿಂಗಳಲ್ಲಿ ಸ್ಟಾಕ್‌ಹೋಮ್‌ನಿಂದ ಸಾಹಿತ್ಯದ ನೊಬೆಲ್‌ಗೆ ಒಂದು ಹೆಸರು ಹೊರಬೀಳುತ್ತದೆ. ಸಂಜೆಯೊಳಗೆ ಎಲ್ಲ ಕಡೆ ಆ ಲೇಖಕರದ್ದೇ ಮಾತು. ಯಾವ ಪುಸ್ತಕದ ಹೆಸರು ಜಾಸ್ತಿ ಕಿವಿಗೆ ಬಿತ್ತೋ ಅದನ್ನೇ ತರಿಸಿಕೊಳ್ಳುತ್ತೇವೆ. ನಲವತ್ತು ಪುಟ ದಾಟುವ ಹೊತ್ತಿಗೆ ಓದು ನಿಂತಿರುತ್ತದೆ. 'ಇವರು ನಮಗಲ್ಲ ಬಿಡು' ಅಂದುಕೊಂಡು ಪುಸ್ತಕವನ್ನು ಕಪಾಟಿಗೆ ಸೇರಿಸುತ್ತೇವೆ. ಆಮೇಲೆ ಆ ಲೇಖಕರ ಕಡೆ ತಿರುಗಿಯೂ ನೋಡುವುದಿಲ್ಲ.

ನನಗೆ ವಿಲಿಯಂ ಫಾಕ್ನರ್ ಜೊತೆ ಹೀಗೇ ಆಯಿತು. ಎಲ್ಲರೂ ಹೊಗಳಿದ್ದ 'ದಿ ಸೌಂಡ್ ಅಂಡ್ ದಿ ಫ್ಯೂರಿ' ಕೈಗೆತ್ತಿಕೊಂಡೆ. ಏನು ನಡೀತಿದೆ ಅಂತಲೇ ತಿಳಿಯಲಿಲ್ಲ. ಎಷ್ಟೋ ವರ್ಷ ಅವರನ್ನು ಮುಟ್ಟಲಿಲ್ಲ. ತಪ್ಪು ಅವರದ್ದೂ ಅಲ್ಲ, ನನ್ನದೂ ಅಲ್ಲ. ನಾನು ಒಳಗೆ ಹೋಗಲು ನೋಡಿದ ಬಾಗಿಲು ಬೇರೆ ಆಗಬೇಕಿತ್ತು.

ನೊಬೆಲ್ ಸಾಮಾನ್ಯವಾಗಿ ಲೇಖಕರ ಇಡೀ ಬರಹಕ್ಕೆ ಕೊಡುವ ಬಹುಮಾನ. ಒಂದೇ ಪುಸ್ತಕಕ್ಕೆ ಅಂತ ಕೊಡುವುದಲ್ಲ. ಬೆರಳೆಣಿಕೆಯಷ್ಟು ಸಲ ಮಾತ್ರ ಸ್ವೀಡಿಷ್ ಅಕಾಡೆಮಿ ಪುಸ್ತಕದ ಹೆಸರು ಹೇಳಿದೆ. 1929ರಲ್ಲಿ ತಾಮಸ್ ಮಾನ್‌ಗೆ ಕೊಟ್ಟಾಗ 'ಬುಡ್ಡೆನ್‌ಬ್ರೂಕ್ಸ್' ಹೆಸರಿತ್ತು. 1954ರಲ್ಲಿ ಅರ್ನೆಸ್ಟ್ ಹೆಮಿಂಗ್ವೇಗೆ ಕೊಟ್ಟಾಗ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಹೆಸರಿತ್ತು. ಉಳಿದಂತೆ ಬಹುಮಾನ ಲೇಖಕರಿಗೆ. ನಾವು ಓದುವುದು ಮಾತ್ರ ಒಂದು ಸಲಕ್ಕೆ ಒಂದೇ ಪುಸ್ತಕ ಅಲ್ವಾ? ಹಾಗಾಗಿ 'ಯಾರನ್ನು ಓದಲಿ' ಅನ್ನುವುದು ಅರ್ಧ ಪ್ರಶ್ನೆ ಅಷ್ಟೆ. ಯಾರನ್ನು, ಯಾವ ಪುಸ್ತಕದಿಂದ, ಎಷ್ಟು ಸಮಯ ಕೈಯಲ್ಲಿಟ್ಟುಕೊಂಡು ಅಂತ ಕೇಳಿಕೊಂಡರೆ ಆಯ್ಕೆ ಸುಲಭವಾಗುತ್ತದೆ.

1901ರಿಂದ 2025ರವರೆಗೆ 122 ಜನರಿಗೆ ಈ ಬಹುಮಾನ ಬಂದಿದೆ. ಅವರಲ್ಲಿ ಹೆಂಗಸರು ಬರೀ 18. ಎಲ್ಲರೂ ಇವತ್ತಿಗೂ ಓದಿಸಿಕೊಳ್ಳುತ್ತಾರೆ ಅಂತೇನಿಲ್ಲ. ಮೊದಲ ಬಹುಮಾನ ಫ್ರಾನ್ಸಿನ ಕವಿ ಸುಲ್ಲಿ ಪ್ರುಧೋಮ್‌ಗೆ ಹೋಯಿತು. ಆಗ ಟಾಲ್‌ಸ್ಟಾಯ್ ಇನ್ನೂ ಬದುಕಿದ್ದರು, ಅವರಿಗೆ ಕೊನೆಗೂ ಬರಲಿಲ್ಲ. ಆದ್ದರಿಂದ ಪಟ್ಟಿ ಹಿಡಿದು ಒಂದರಿಂದ ಓದುತ್ತಾ ಹೋಗುವುದು ಬೇಡ. ಒಂದೇ ತರಹದ ವಿಷಯ ಹಿಡಿದವರನ್ನು ಅಕ್ಕಪಕ್ಕ ಇಟ್ಟು ನೋಡೋಣ. ಯಾರು ನಿಮ್ಮ ಮನಸ್ಸಿಗೆ ಹತ್ತಿರ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಒಂದೆರಡು ಸಂಜೆಯಲ್ಲಿ ಮುಗಿಯುವಂಥದ್ದು ಬೇಕಿದ್ದರೆ

ತೆಳ್ಳಗಿನ ಪುಸ್ತಕಗಳಲ್ಲಿ ನನ್ನ ಮುಂದೆ ನಾಲ್ಕಿವೆ. ಹೆಮಿಂಗ್ವೇಯ ಮುದುಕ ಸ್ಯಾಂಟಿಯಾಗೊ, ಆಲ್ಬೇರ್ ಕಮೂ ಬರೆದ 'ದಿ ಔಟ್‌ಸೈಡರ್', ಅಲೆಕ್ಸಾಂಡರ್ ಸೋಲ್ಜೆನಿತ್ಸಿನ್‌ರ ಇವಾನ್ ಡೆನಿಸೊವಿಚ್, ಆನಿ ಎರ್ನೋ ತಮ್ಮ ಅಪ್ಪನ ಬಗ್ಗೆ ಬರೆದ 'ಎ ಮ್ಯಾನ್ಸ್ ಪ್ಲೇಸ್'.

ಹೆಮಿಂಗ್ವೇಯ ಕಥೆ ಎಲ್ಲರಿಗೂ ಗೊತ್ತು. ಎಂಬತ್ತನಾಲ್ಕು ದಿನ ಮೀನು ಸಿಗದ ಮುದುಕ ದೂರದ ಸಮುದ್ರಕ್ಕೆ ಹೋಗುತ್ತಾನೆ. ದೊಡ್ಡ ಮೀನು ಸಿಗುತ್ತದೆ, ಶಾರ್ಕ್‌ಗಳು ಬರುತ್ತವೆ. ಓದಲು ತುಂಬಾ ಸುಲಭ. ಓದುವ ಅಭ್ಯಾಸ ಬಿಟ್ಟುಹೋದವರು ಮತ್ತೆ ಶುರು ಮಾಡಲು ಇದನ್ನು ಕಣ್ಣು ಮುಚ್ಚಿಕೊಂಡು ಹಿಡಿಯಬಹುದು.

ಕಮೂ ಓದಲು ಅಷ್ಟೇ ಸುಲಭ, ಅರಗಿಸಿಕೊಳ್ಳಲು ಕಷ್ಟ. 1942ರ ಈ ಕಾದಂಬರಿಯಲ್ಲಿ ಮ್ಯೂರ್‌ಸೋ ಅನ್ನುವವನು ಅಮ್ಮನ ಶವಸಂಸ್ಕಾರದಲ್ಲಿ ಅಳುವುದಿಲ್ಲ. ಮುಂದೆ ಕಡಲತೀರದಲ್ಲಿ ಒಬ್ಬನನ್ನು ಕೊಲ್ಲುತ್ತಾನೆ. ವಿಚಾರಣೆ ನಡೆಯುವುದು ಕೊಲೆಗಾದರೂ, ಅಲ್ಲಿ ಜಾಸ್ತಿ ಮಾತಾಡುವುದು ಅವನು ಅಮ್ಮನಿಗಾಗಿ ಅಳಲಿಲ್ಲ ಅನ್ನುವುದರ ಬಗ್ಗೆ. ಇಲ್ಲಿ ಅನುವಾದದ ಒಂದು ಮಾತು ಹೇಳಲೇಬೇಕು. ಪುಸ್ತಕದ ಮೊದಲ ಸಾಲಿನಲ್ಲೇ ಅಮ್ಮ ಸತ್ತ ಸುದ್ದಿ ಇದೆ. ಅಲ್ಲಿ ಕಮೂ ಬಳಸಿದ ಪದ ಫ್ರೆಂಚ್ ಮಕ್ಕಳು ಮನೆಯಲ್ಲಿ ಕರೆಯುವ 'ಮಾಮೋ'. ಹಳೆಯ ಇಂಗ್ಲಿಷ್ ಅನುವಾದದಲ್ಲಿ ಅದು 'ಮದರ್' ಆಯಿತು. 1988ರಲ್ಲಿ ಮ್ಯಾಥ್ಯೂ ವಾರ್ಡ್ ಮೂಲದ ಪದವನ್ನೇ ಇಟ್ಟುಕೊಂಡರು. ಕನ್ನಡದಲ್ಲಿ ಯೋಚಿಸಿ ನೋಡಿ. 'ತಾಯಿ ಸತ್ತಳು' ಅನ್ನುವ ಮಗನಿಗೂ 'ಅಮ್ಮ ಹೋದಳು' ಅನ್ನುವ ಮಗನಿಗೂ ಎಷ್ಟು ದೂರ! ಮೊದಲನೆಯವನು ಕಲ್ಲೆದೆಯವನು ಅನ್ನಿಸುತ್ತಾನೆ. ಎರಡನೆಯವನ ಬಗ್ಗೆ ತೀರ್ಪು ಕೊಡಲು ಬಾಯಿ ಬರುವುದಿಲ್ಲ. ಒಂದು ಪದ ಇಡೀ ಪುಸ್ತಕವನ್ನು ತಿರುಗಿಸಿಬಿಡುತ್ತದೆ. ನೊಬೆಲ್ ಲೇಖಕರಲ್ಲಿ ಬಹಳ ಜನರನ್ನು ನಾವು ಓದುವುದು ಅನುವಾದದಲ್ಲೇ. ಕೊಳ್ಳುವ ಮುಂಚೆ ಅನುವಾದಕರ ಹೆಸರು ನೋಡಿ, ಮೊದಲ ಎರಡು ಪುಟ ಓದಿ.

ಸೋಲ್ಜೆನಿತ್ಸಿನ್ ಹೆಸರು ಕೇಳಿದರೆ ಗುಲಾಗ್ ಅನ್ನುವ ಸೋವಿಯತ್ ದುಡಿಮೆ ಶಿಬಿರಗಳ ಕುರಿತ ದಪ್ಪ ಸಂಪುಟಗಳೇ ನೆನಪಾಗುತ್ತವೆ. ಅದು ಮೊದಲು ಬೇಡ. 1962ರಲ್ಲಿ ಅಚ್ಚಾದ 'ಇವಾನ್ ಡೆನಿಸೊವಿಚ್‌ನ ಬದುಕಿನ ಒಂದು ದಿನ' ಸಾಕು. ಕೈದಿಯೊಬ್ಬ ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ. ಎಷ್ಟು ರೊಟ್ಟಿ ಸಿಕ್ಕಿತು, ಬೂಟಿನೊಳಗೆ ಏನಿದೆ, ಗಾರೆ ಹೆಪ್ಪುಗಟ್ಟುವ ಮುಂಚೆ ಗೋಡೆ ಹೇಗೆ ಕಟ್ಟಿದ ಅನ್ನುವುದೇ ಕಥೆ. ಆ ಗೋಡೆ ಕಟ್ಟುವ ಭಾಗ ಓದುವಾಗ, ಸೆರೆಯಲ್ಲಿದ್ದೂ ಕೆಲಸವನ್ನು ನೆಟ್ಟಗೆ ಮಾಡಬೇಕು ಅಂತ ಹಟ ಹಿಡಿದ ಆ ಮನುಷ್ಯನ ಮೇಲೆ ಎಷ್ಟು ಗೌರವ ಬರುತ್ತದೆ ಗೊತ್ತಾ?

ಆದರೆ ಈ ನಾಲ್ಕರಲ್ಲಿ ಒಂದೇ ಅಂದರೆ ನಾನು ಎರ್ನೋ ಅವರನ್ನು ಆರಿಸುತ್ತೇನೆ. 2022ರಲ್ಲಿ ಇವರಿಗೆ ನೊಬೆಲ್ ಬಂತು. ಅಪ್ಪ ನಾರ್ಮಂಡಿಯ ಇವೆತೊ ಅನ್ನುವ ಊರಿನಲ್ಲಿ ಸಣ್ಣ ಕೆಫೆ ಮತ್ತು ದಿನಸಿ ಅಂಗಡಿ ಇಟ್ಟುಕೊಂಡಿದ್ದವರು. ಮಗಳು ಓದಿ ಟೀಚರ್ ಆದಳು. ಅವಳ ಮಾತು, ಊಟದ ರೀತಿ, ಗೆಳೆಯರು ಎಲ್ಲ ಬದಲಾದವು. ಅಪ್ಪನಿಗೆ ಹೆಮ್ಮೆ, ಜೊತೆಗೆ ಅಳುಕು. ಮಗಳಿಗೆ ಪ್ರೀತಿ, ಜೊತೆಗೆ ನಾಚಿಕೆ. ಅಪ್ಪ ತೀರಿಕೊಂಡ ಮೇಲೆ ಆ ಅಂತರವನ್ನು ಬರೆಯಲು ಕೂತಾಗ ಅವರು ಅಲಂಕಾರ ಬೇಡ ಅಂತ ತೀರ್ಮಾನಿಸಿದರು. ಮನೆಗೆ ಪತ್ರ ಬರೆಯುವಾಗಿನ ಸಪ್ಪೆ ಭಾಷೆಯಲ್ಲೇ ಬರೆದರು. ನೂರು ಪುಟದಷ್ಟು ಪುಸ್ತಕ. ಓದಿ ಮನೆತನದಿಂದ ದೂರ ನಡೆದ ಯಾರೇ ಆಗಲಿ, ಇದನ್ನು ಮುಗಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಡುತ್ತಾರೆ.

ದೊಡ್ಡ ಮನೆತನದ ಕಥೆ ಬೇಕಿದ್ದರೆ: ಮಾನ್, ಮಹಫೂಜ್, ಮಾರ್ಕ್ವೆಜ್

ಮೂವರ ಹೆಸರೂ 'ಮ'ದಿಂದ ಶುರು. ಮೂವರೂ ತಲೆಮಾರುಗಳ ಕಥೆ ಬರೆದವರು. ಮೂರೂ ಮನೆಗಳಲ್ಲಿ ಹಿರಿಯರ ಹಿಡಿತ ಸಡಿಲವಾಗುತ್ತಾ ಹೋಗುತ್ತದೆ. ಅಷ್ಟಾದರೂ ಮೂರು ಮನೆಗಳ ಗಾಳಿ ಪೂರ್ತಿ ಬೇರೆ.

ಮಾನ್ 'ಬುಡ್ಡೆನ್‌ಬ್ರೂಕ್ಸ್' ಪ್ರಕಟಿಸಿದಾಗ 26 ವರ್ಷದವರು. ಉತ್ತರ ಜರ್ಮನಿಯ ಧಾನ್ಯ ವ್ಯಾಪಾರಿಗಳ ಮನೆತನ, ನಾಲ್ಕು ತಲೆಮಾರು. ಅಲ್ಲಿ ಎಲ್ಲಕ್ಕೂ ಲೆಕ್ಕ ಇದೆ. ಮದುವೆಗೆ ಎಷ್ಟು ಕೊಟ್ಟರು, ವ್ಯಾಪಾರದಲ್ಲಿ ಎಷ್ಟು ಕಳೆದುಕೊಂಡರು, ಮನೆ ಎಷ್ಟಕ್ಕೆ ಹೋಯಿತು. ಮನೆಯಲ್ಲಿ ಒಂದು ಪುಸ್ತಕ ಇರುತ್ತದೆ. ಹುಟ್ಟು, ಸಾವು, ಮದುವೆ ಎಲ್ಲ ಅದರಲ್ಲಿ ಬರೆದಿಡುತ್ತಾರೆ. ಕೊನೆಯ ತಲೆಮಾರಿನ ಹುಡುಗ ಹನ್ನೊ ಒಂದು ದಿನ ಆ ಪುಸ್ತಕ ತೆಗೆದು ತನ್ನ ಹೆಸರಿನ ಕೆಳಗೆ ಎರಡು ಗೆರೆ ಎಳೆಯುತ್ತಾನೆ. ಅಪ್ಪ ಗದರಿದಾಗ, ಇನ್ನು ಮುಂದೆ ಏನೂ ಬರುವುದಿಲ್ಲ ಅಂದುಕೊಂಡೆ ಅನ್ನುತ್ತಾನೆ. ಇಡೀ ಕಾದಂಬರಿ ಆ ಎರಡು ಗೆರೆಯಲ್ಲಿದೆ. ಇದು ನಿಧಾನದ ಓದು. ವಿವರ ಇಷ್ಟಪಡುವವರಿಗೆ, ವ್ಯಾಪಾರದ ಮನೆಯ ಒಳಗುಟ್ಟು ತಿಳಿದವರಿಗೆ ತುಂಬಾ ಹಿಡಿಸುತ್ತದೆ.

ನಗೀಬ್ ಮಹಫೂಜ್ ಕೈರೋದವರು. ಅರಬ್ಬಿಯಲ್ಲಿ ಬರೆದವರಲ್ಲಿ ನೊಬೆಲ್ ಪಡೆದ ಮೊದಲಿಗರು, 1988ರಲ್ಲಿ. ಅವರ 'ಕೈರೋ ತ್ರಿವಳಿ'ಯ ಮೊದಲ ಭಾಗ 'ಪ್ಯಾಲೇಸ್ ವಾಕ್'. ಯಜಮಾನ ಅಹ್ಮದ್ ಮನೆಯಲ್ಲಿ ಹುಲಿ. ರಾತ್ರಿ ಹೊರಗೆ ಹಾಡು, ಕುಡಿತ, ನಗು. ಹೆಂಡತಿ ಅಮೀನಾ ಮದುವೆಯಾದಾಗಿನಿಂದ ಒಬ್ಬಳೇ ಹೊಸ್ತಿಲು ದಾಟಿದವಳಲ್ಲ. ಒಂದು ದಿನ ಅವನು ಊರಲ್ಲಿಲ್ಲದಾಗ ಮಕ್ಕಳ ಒತ್ತಾಯಕ್ಕೆ ಹತ್ತಿರದ ಹುಸೇನ್ ಮಸೀದಿಗೆ ಹೋಗುತ್ತಾಳೆ. ಚಿಕ್ಕ ಮಗ ಕಮಾಲ್ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಬರುವಾಗ ಕಾರು ತಾಗಿ ಮೂಳೆ ಮುರಿಯುತ್ತದೆ. ಗಂಡ ಅವಳು ವಾಸಿಯಾಗುವವರೆಗೆ ಕಾಯುತ್ತಾನೆ. ಆಮೇಲೆ ಮನೆಯಿಂದ ಹೊರಗೆ ಹಾಕುತ್ತಾನೆ. ಈ ಭಾಗ ಓದುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಆದರೆ ಮಹಫೂಜ್ ಅಹ್ಮದ್‌ನನ್ನು ರಾಕ್ಷಸ ಮಾಡುವುದಿಲ್ಲ. ಅವನ ಮೇಲೂ ನಮಗೆ ಒಂದು ಮಮತೆ ಹುಟ್ಟುವ ಹಾಗೆ ಬರೆಯುತ್ತಾರೆ. ಅದೇ ಅವರ ದೊಡ್ಡತನ.

ಇನ್ನು ಮಾರ್ಕ್ವೆಜ್. 1967ರ 'ಒನ್ ಹಂಡ್ರೆಡ್ ಇಯರ್ಸ್ ಆಫ್ ಸಾಲಿಟ್ಯೂಡ್' ಅನ್ನು ಎಲ್ಲರೂ ಮೊದಲು ಕೊಳ್ಳುತ್ತಾರೆ, ಬಹಳ ಜನ ಮಧ್ಯದಲ್ಲಿ ಬಿಡುತ್ತಾರೆ. ಕಾರಣ ಹೆಸರುಗಳು. ಏಳು ತಲೆಮಾರು, ಗಂಡಸರೆಲ್ಲ ಹೆಚ್ಚುಕಮ್ಮಿ ಹೊಸೆ ಆರ್ಕಾದಿಯೊ ಇಲ್ಲವೇ ಔರೆಲಿಯಾನೊ. ಆ ಮನೆಯ ಕರ್ನಲ್ ಔರೆಲಿಯಾನೊಗೆ ಹುಟ್ಟಿದ ಹದಿನೇಳು ಗಂಡು ಮಕ್ಕಳ ಹೆಸರೂ ಔರೆಲಿಯಾನೊ. ಇದು ಬೇಕಂತಲೇ ಮಾಡಿದ್ದು. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ಹೆಸರಿನ ಜೊತೆ ಸ್ವಭಾವವೂ ಸುತ್ತಿಕೊಂಡು ಬರುತ್ತದೆ ಅನ್ನುವುದೇ ಅಲ್ಲಿನ ಮಾತು. ಹಾಗಿದ್ದರೂ ಮಾರ್ಕ್ವೆಜ್ ಅವರನ್ನು ಅಲ್ಲಿಂದ ಶುರು ಮಾಡಬೇಡಿ ಅನ್ನುತ್ತೇನೆ. 1981ರ 'ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್' ಚಿಕ್ಕದು. ಸ್ಯಾಂಟಿಯಾಗೊ ನಸ್ಸಾರ್ ಅನ್ನುವವನನ್ನು ಕೊಲ್ಲುತ್ತಾರೆ ಅಂತ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ. ಊರಿಗೆಲ್ಲ ಗೊತ್ತು. ಕೊಲ್ಲುವವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ, ಯಾರಾದರೂ ತಡೆಯಲಿ ಅಂತ. ಯಾರೂ ತಡೆಯುವುದಿಲ್ಲ. ಕೊನೆ ಗೊತ್ತಿದ್ದೂ ಪುಟ ತಿರುಗಿಸುತ್ತಾ ಹೋಗುತ್ತೇವೆ. ಇದು ಹಿಡಿಸಿದರೆ ಆಮೇಲೆ 'ಒನ್ ಹಂಡ್ರೆಡ್ ಇಯರ್ಸ್' ನಡೆಯುವ ಮಕೊಂಡೊ ಊರಿಗೆ ಹೋಗಿ. ಆಗ ಒಂದು ಕಾಗದದಲ್ಲಿ ವಂಶವೃಕ್ಷ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.

ಮೂವರಲ್ಲಿ ಯಾರು? ಮನುಷ್ಯರ ಒಳಗನ್ನು ಹತ್ತಿರದಿಂದ ನೋಡಬೇಕಿದ್ದರೆ ಮಹಫೂಜ್. ಹೊಗಳಿಕೆ ಮಾರ್ಕ್ವೆಜ್‌ಗೆ ಜಾಸ್ತಿ ಸಿಕ್ಕಿದೆ, ನಿಜ. ಆದರೆ ಒಂದು ಮನೆಯ ಅಡುಗೆಮನೆ, ಮಹಡಿ, ಕಿಟಕಿಯ ಜಾಲರಿ ಇವುಗಳ ನಡುವೆ ನಿಮ್ಮನ್ನು ಕೂರಿಸುವ ಶಕ್ತಿ ಮಹಫೂಜ್‌ಗೆ ಇರುವಷ್ಟು ಈ ಮೂವರಲ್ಲಿ ಬೇರೆಯವರಿಗೆ ಇಲ್ಲ.

ಕವಿಗಳು: ಒಂದು ಈರುಳ್ಳಿ, ಇಬ್ಬರು ಕವಿಗಳು

ಕವಿಗಳನ್ನು ಹೋಲಿಸುವುದು ಕಷ್ಟ ಅನ್ನುತ್ತಾರೆ. ಒಂದು ಸುಲಭದ ದಾರಿ ಇದೆ. ಚಿಲಿಯ ಪಾಬ್ಲೊ ನೆರೂಡ ಮತ್ತು ಪೋಲೆಂಡಿನ ವಿಸ್ವಾವಾ ಶಿಂಬೋರ್ಸ್ಕಾ ಇಬ್ಬರೂ ಈರುಳ್ಳಿಯ ಮೇಲೆ ಕವಿತೆ ಬರೆದಿದ್ದಾರೆ. ಎರಡನ್ನೂ ಒಂದೇ ದಿನ ಓದಿ.

ನೆರೂಡರಿಗೆ 1971ರಲ್ಲಿ ನೊಬೆಲ್ ಬಂತು. ಅವರು ಉಪ್ಪು, ಟೊಮೆಟೊ, ಕಾಲುಚೀಲ, ಹೀಗೆ ದಿನಬಳಕೆಯ ವಸ್ತುಗಳ ಮೇಲೆ ಹಾಡಿನಂಥ ಕವಿತೆಗಳನ್ನು ಸಾಲುಸಾಲಾಗಿ ಬರೆದರು. ಅವರ ಕಣ್ಣಿಗೆ ಈರುಳ್ಳಿ ಒಂದು ಬೆಳಗುವ ಗಾಜಿನ ಪಾತ್ರೆ, ಮಣ್ಣಿನ ಕತ್ತಲಲ್ಲಿ ತುಂಬಿಕೊಂಡ ಹೊಟ್ಟೆ, ಬಡವರ ಮೇಜಿನ ಸಂಗಾತಿ. ನೋಯಿಸದೆ ಅಳಿಸುವುದು ಅದೊಂದೇ ಅನ್ನುತ್ತಾರೆ. ಓದುತ್ತಾ ಹೋದರೆ ಅಡುಗೆಮನೆಗೆ ಹೋಗಿ ಈರುಳ್ಳಿಯನ್ನು ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸುತ್ತದೆ.

ಶಿಂಬೋರ್ಸ್ಕಾ ಅವರಿಗೆ 1996ರಲ್ಲಿ ಬಂತು. ಅವರು ಅದೇ ಈರುಳ್ಳಿಯ ಸಿಪ್ಪೆ ಸುಲಿಯುತ್ತಾರೆ. ಒಳಗೂ ಈರುಳ್ಳಿ, ಅದರೊಳಗೂ ಈರುಳ್ಳಿ. ಕರುಳಿಲ್ಲ, ಗುಟ್ಟಿಲ್ಲ, ಹೊರಗೊಂದು ಒಳಗೊಂದು ಇಲ್ಲ. ನಮ್ಮ ಚರ್ಮದ ಕೆಳಗೆ ಮಾತ್ರ ನಮಗೇ ಗುರುತಿಲ್ಲದ ಏನೇನೋ ತುಂಬಿದೆ. ಅಷ್ಟು ಪರಿಪೂರ್ಣವಾಗಿ, ಅಷ್ಟು ಪೆದ್ದಾಗಿ ಇರುವ ಭಾಗ್ಯ ನಮಗಿಲ್ಲ ಅನ್ನುವಲ್ಲಿಗೆ ಕವಿತೆ ಬರುತ್ತದೆ. ನಾವು ನಗುತ್ತಾ ಓದಲು ಶುರು ಮಾಡಿ ನಮ್ಮನ್ನೇ ನೋಡಿಕೊಳ್ಳುತ್ತಾ ಮುಗಿಸುತ್ತೇವೆ.

ನೆರೂಡ ವಸ್ತುವಿನ ಜೊತೆ ಹಾಡುತ್ತಾರೆ. ಶಿಂಬೋರ್ಸ್ಕಾ ವಸ್ತುವಿನ ಜೊತೆ ಯೋಚಿಸುತ್ತಾರೆ. ಮೊದಲನೆಯದರಲ್ಲಿ ಕಣ್ಣು ಅರಳಿತೋ, ಎರಡನೆಯದರಲ್ಲಿ ತಲೆ ಅರಳಿತೋ ಅನ್ನುವುದರ ಮೇಲೆ ನಿಮ್ಮ ಕವಿಯನ್ನು ಆರಿಸಿಕೊಳ್ಳಿ. ಕವಿತೆ ನನಗೆ ಅರ್ಥವಾಗುವುದಿಲ್ಲ ಅನ್ನುವವರಿಗೆ ನಾನು ಯಾವಾಗಲೂ ಶಿಂಬೋರ್ಸ್ಕಾ ಅವರನ್ನೇ ಕೊಡುವುದು. ಜೀವನವಿಡೀ ಅವರು ಪ್ರಕಟಿಸಿದ್ದು ಸುಮಾರು 350 ಕವಿತೆ ಅಷ್ಟೆ. ಒಡತಿಯೋ ಒಡೆಯನೋ ಸತ್ತುಹೋದ ಖಾಲಿ ಮನೆಯಲ್ಲಿ ಉಳಿದ ಬೆಕ್ಕಿನ ಮೇಲೊಂದು ಕವಿತೆ ಇದೆ. ಸಾವಿನ ಬಗ್ಗೆ ಒಂದು ದೊಡ್ಡ ಮಾತೂ ಇಲ್ಲದೆ ಬರೆದದ್ದು. ಸ್ಟಾನಿಸ್ವಾಫ್ ಬರಾನ್‌ಚಾಕ್ ಮತ್ತು ಕ್ಲೇರ್ ಕ್ಯಾವನಾ ಮಾಡಿದ ಇಂಗ್ಲಿಷ್ ಅನುವಾದ ಸಿಕ್ಕರೆ ಬಿಡಬೇಡಿ.

ರವೀಂದ್ರನಾಥ ಟ್ಯಾಗೋರ್ 1913ರಲ್ಲಿ ಈ ಬಹುಮಾನ ಪಡೆದ ಮೊದಲ ಏಷ್ಯಾದವರು. ಹಿಂದಿನ ವರ್ಷ ಬಂದ ಇಂಗ್ಲಿಷ್ 'ಗೀತಾಂಜಲಿ'ಯನ್ನು ಅವರೇ ಗದ್ಯದಲ್ಲಿ ಅನುವಾದಿಸಿದ್ದರು, 103 ಕವಿತೆ. ಬಂಗಾಳಿ ಹಾಡಿನ ಲಯ ಅದರಲ್ಲಿ ಬಂದಿಲ್ಲ. ಅದಕ್ಕೇ ಅದನ್ನು ಓದಿ ಸಪ್ಪೆ ಅನ್ನಿಸಿದವರು ಇವರ ಸಣ್ಣ ಕಥೆಗಳಿಂದ ಮತ್ತೆ ಶುರು ಮಾಡಬೇಕು. 'ಕಾಬೂಲಿವಾಲಾ' ಒಂದು ಸಾಕು. ದೂರದ ಊರಲ್ಲಿ ಮಗಳನ್ನು ಬಿಟ್ಟು ಬಂದ ಆ ಮನುಷ್ಯ ಎದೆಯ ಹತ್ತಿರ ಮಡಚಿಟ್ಟುಕೊಂಡ ಕಾಗದದಲ್ಲಿ ಏನಿತ್ತು ಅನ್ನುವುದು ಒಮ್ಮೆ ಓದಿದವರಿಗೆ ಮರೆಯುವುದಿಲ್ಲ.

ಗಾಯದ ಕಥೆಗಳು

ಇಲ್ಲಿ ಆಯ್ಕೆ ಮಾಡುವಾಗ ನಿಮ್ಮ ಮನಸ್ಸಿನ ಸ್ಥಿತಿಯನ್ನೂ ನೋಡಿಕೊಳ್ಳಿ. ಟೋನಿ ಮಾರಿಸನ್, ಹಾನ್ ಕಾಂಗ್, ಸ್ವೆತ್ಲಾನಾ ಅಲೆಕ್ಸಿಯೆವಿಚ್, ಅಬ್ದುಲ್‌ರಜಾಕ್ ಗುರ್ನಾ. ನಾಲ್ವರೂ ಚರಿತ್ರೆ ಜನರ ಮೈಮೇಲೆ ಏನು ಮಾಡಿತು ಅನ್ನುವುದನ್ನೇ ಬರೆದವರು. ಹಗುರವಾದ ಓದು ಯಾವುದೂ ಅಲ್ಲ.

ಮಾರಿಸನ್‌ರ 'ಬಿಲವ್ಡ್' 1987ರದ್ದು. 1856ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮಾರ್ಗರೆಟ್ ಗಾರ್ನರ್ ಅನ್ನುವ ಹೆಣ್ಣಿನ ನಿಜ ಘಟನೆ ಅದರ ಬೇರು. ಮೊದಲ ಅಧ್ಯಾಯ ಓದುಗರನ್ನು ನೇರ ದೆವ್ವ ಕಾಡುವ ಒಂದು ಮನೆಯೊಳಗೆ ಎಸೆಯುತ್ತದೆ. ಯಾರು ಯಾರು, ದೆವ್ವ ಯಾರದ್ದು, ಏನೂ ಹೇಳುವುದಿಲ್ಲ. ಗುಲಾಮರಾಗಿ ಬಲವಂತವಾಗಿ ಎಳೆದು ತಂದ ಜನರಿಗೂ ಯಾರೂ ಏನೂ ವಿವರಿಸಿರಲಿಲ್ಲ ಅಲ್ವಾ? ಇದು ಗೊತ್ತಿದ್ದರೆ ತಾಳ್ಮೆ ಬರುತ್ತದೆ. ಆದರೂ ಮೊದಲು 1970ರ 'ದಿ ಬ್ಲೂಯೆಸ್ಟ್ ಐ' ಓದಿ. ನೀಲಿ ಕಣ್ಣು ಸಿಕ್ಕಿದರೆ ಎಲ್ಲರೂ ತನ್ನನ್ನು ಪ್ರೀತಿಸುತ್ತಾರೆ ಅಂತ ನಂಬಿದ ಪೆಕೋಲಾ ಅನ್ನುವ ಕಪ್ಪು ಹುಡುಗಿಯ ಕಥೆ. ಚಿಕ್ಕದು, ತಿಳಿಯಾದದ್ದು, ಎದೆ ಒಡೆಯುವಂಥದ್ದು.

ಹಾನ್ ಕಾಂಗ್ ಅವರಿಗೆ 2024ರಲ್ಲಿ ಬಂತು, ಈ ಬಹುಮಾನ ಪಡೆದ ಏಷ್ಯಾದ ಮೊದಲ ಹೆಣ್ಣು. 'ದಿ ವೆಜಿಟೇರಿಯನ್' ಹೆಸರು ನೋಡಿ ಅದು ಆಹಾರದ ಚರ್ಚೆ ಅಂದುಕೊಳ್ಳಬೇಡಿ. ಒಂದು ಕನಸು ಬಿದ್ದ ಮೇಲೆ ಯೊಂಗ್‌ಹೇ ಮಾಂಸ ಬಿಡುತ್ತಾಳೆ. ಕಥೆಯನ್ನು ಗಂಡನ, ಭಾವನ, ಅಕ್ಕನ ಕಡೆಯಿಂದ ನೋಡುತ್ತೇವೆ. ಅವಳ ಬಾಯಿಂದ ಸಿಗುವುದು ಚೂರುಪಾರು ಕನಸುಗಳು ಮಾತ್ರ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪುಸ್ತಕ 'ಹ್ಯೂಮನ್ ಆಕ್ಟ್ಸ್'. 1980ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್‌ಜು ನಗರದಲ್ಲಿ ಸೈನ್ಯ ಜನರ ಮೇಲೆ ಗುಂಡು ಹಾರಿಸಿತು. ದೊಂಗ್‌ಹೊ ಅನ್ನುವ ಹುಡುಗ ಹೆಣಗಳ ಪಕ್ಕ ಕೂತು ಗುರುತು ಬರೆದುಕೊಳ್ಳುತ್ತಾನೆ, ಮೇಣದಬತ್ತಿ ಹಚ್ಚುತ್ತಾನೆ. ಲೇಖಕಿ ಅವನನ್ನು 'ನೀನು' ಅಂತ ಕರೆಯುತ್ತಾರೆ. ಆ 'ನೀನು' ಓದುವವರಿಗೂ ತಾಗುತ್ತದೆ.

ಅಲೆಕ್ಸಿಯೆವಿಚ್ ಕಾದಂಬರಿ ಬರೆದವರಲ್ಲ. ಜನರ ಮಾತು ಕೇಳಿ, ವರ್ಷಗಟ್ಟಲೆ ಕೂಡಿಸಿ, ಅವರ ದನಿಯಲ್ಲೇ ಪುಸ್ತಕ ಕಟ್ಟಿದವರು. 'ಚೆರ್ನೋಬಿಲ್ ಪ್ರೇಯರ್' ಶುರುವಾಗುವುದು ಚೆರ್ನೋಬಿಲ್ ಅಣುಸ್ಥಾವರದ ಬೆಂಕಿ ಆರಿಸಲು ಹೋದ ಒಬ್ಬನ ಹೆಂಡತಿಯ ಮಾತಿನಿಂದ. ಗಂಡನನ್ನು ಮುಟ್ಟಬೇಡ, ಅವನ ಮೈಯೇ ವಿಕಿರಣ ಅಂತ ಆಸ್ಪತ್ರೆಯಲ್ಲಿ ಹೇಳುತ್ತಾರೆ. ಅವಳು ಮುಟ್ಟುತ್ತಾಳೆ. ಕಟ್ಟುಕಥೆಯಲ್ಲಿ ನಂಬಿಕೆ ಇಲ್ಲದವರು, ನಿಜವಾಗಿ ನಡೆದದ್ದೇ ಬೇಕು ಅನ್ನುವವರು ಇಲ್ಲಿಗೆ ಬರಲಿ. ರಾತ್ರಿ ಮಲಗುವ ಮುಂಚೆ ಮಾತ್ರ ಬೇಡ.

ನಾಲ್ವರಲ್ಲಿ ಸ್ವಲ್ಪ ಮೆಲ್ಲಗೆ ಮಾತಾಡುವವರು ಗುರ್ನಾ. ಜಾಂಜಿಬಾರ್‌ನಲ್ಲಿ ಹುಟ್ಟಿ, ನಿರಾಶ್ರಿತರಾಗಿ ಇಂಗ್ಲೆಂಡ್ ಸೇರಿದವರು. 1994ರ 'ಪ್ಯಾರಡೈಸ್' ಪುಸ್ತಕದಲ್ಲಿ ಹನ್ನೆರಡು ವರ್ಷದ ಯೂಸುಫ್‌ನನ್ನು 'ಅಂಕಲ್ ಅಜೀಜ್' ಕರೆದುಕೊಂಡು ಹೋಗುತ್ತಾರೆ. ಪ್ರವಾಸ ಅಂದುಕೊಂಡು ಹುಡುಗ ಖುಷಿಯಲ್ಲಿ ರೈಲು ಹತ್ತುತ್ತಾನೆ. ಅಪ್ಪನ ಸಾಲಕ್ಕೆ ನಿನ್ನನ್ನು ಒತ್ತೆ ಇಟ್ಟಿದ್ದಾರೆ, ಅವರು ನಿನ್ನ ಅಂಕಲ್ ಅಲ್ಲ ಅಂತ ಅಂಗಡಿಯಲ್ಲಿರುವ ಇನ್ನೊಬ್ಬ ಹುಡುಗ ಹೇಳಬೇಕಾಗುತ್ತದೆ. ವಸಾಹತು ಆಳ್ವಿಕೆಯ ಕಥೆಯನ್ನು ಬಿಳಿಯರಿಂದ ಶುರು ಮಾಡದೆ ಒಳಗಿನ ವ್ಯಾಪಾರ, ಸಾಲ, ಮರ್ಯಾದೆಗಳಿಂದ ಶುರು ಮಾಡಿದ್ದು ನನಗೆ ತುಂಬಾ ಇಷ್ಟ.

ಮೆಲುದನಿಯವರು: ಇಶಿಗುರೊ, ಮನ್ರೊ

ಕಜುವೊ ಇಶಿಗುರೊ ಬರೆದ 'ದಿ ರಿಮೇನ್ಸ್ ಆಫ್ ದಿ ಡೇ' ಮೊದಲ ಕರಡನ್ನು ನಾಲ್ಕು ವಾರದಲ್ಲಿ ಮುಗಿಸಿದರಂತೆ, ಅವರೇ ಹೇಳಿಕೊಂಡಿದ್ದಾರೆ. ಸ್ಟೀವನ್ಸ್ ಅನ್ನುವ ಬಟ್ಲರ್ ತನ್ನ ಕೆಲಸದ ಘನತೆಯ ಬಗ್ಗೆ ಮಾತಾಡುತ್ತಾ ಹೋಗುತ್ತಾನೆ. ಮಹಡಿಯ ಮೇಲೆ ಅಪ್ಪ ಸಾಯುತ್ತಿದ್ದರೂ ಕೆಳಗೆ ಅತಿಥಿಗಳಿಗೆ ವೈನ್ ಬಡಿಸುತ್ತಾನೆ. ಅವನು ಹೇಳದೆ ಬಿಟ್ಟದ್ದೇ ಕಥೆ. ಆಲಿಸ್ ಮನ್ರೊ ಬರೆದದ್ದು ಹೆಚ್ಚೂಕಡಿಮೆ ಎಲ್ಲವೂ ಸಣ್ಣ ಕಥೆ. ಮೂವತ್ತು ಪುಟದಲ್ಲಿ ಮೂವತ್ತು ವರ್ಷ ಹೋಗಿ ಬರುತ್ತದೆ. 'ದಿ ಬೇರ್ ಕೇಮ್ ಓವರ್ ದಿ ಮೌಂಟನ್' ಓದಿ. ನೆನಪು ಕಳೆದುಕೊಳ್ಳುತ್ತಿರುವ ಹೆಂಡತಿಯನ್ನು ಗಂಡ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾನೆ. ಅಲ್ಲಿ ಅವಳು ಇನ್ನೊಬ್ಬನನ್ನು ಹಚ್ಚಿಕೊಳ್ಳುತ್ತಾಳೆ. ಸಮಯ ಕಡಿಮೆ ಇರುವವರಿಗೆ ಮನ್ರೊ, ಒಂದು ವಾರ ಒಂದೇ ಮನುಷ್ಯನ ಜೊತೆ ಇರಬಲ್ಲವರಿಗೆ ಇಶಿಗುರೊ.

ಮನ್ರೊ ಹೆಸರು ಬಂದಾಗ ಒಂದು ವಿಷಯ ಮುಚ್ಚಿಡಬಾರದು. ಅವರು 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಎರಡು ತಿಂಗಳೊಳಗೆ ಅವರ ಮಗಳು, ಚಿಕ್ಕಂದಿನಲ್ಲಿ ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದನ್ನೂ, ಗೊತ್ತಾದ ಮೇಲೂ ತಾಯಿ ಅವನ ಜೊತೆಗೇ ಉಳಿದದ್ದನ್ನೂ ಬರೆದರು. ನೆರೂಡ ತಮ್ಮ ನೆನಪುಗಳಲ್ಲಿ, ಸಿಲೋನಿನಲ್ಲಿದ್ದಾಗ ಒಬ್ಬ ಬಡ ಕೆಲಸದಾಕೆಯ ಮೇಲೆ ತಾವೇ ಎಸಗಿದ ಬಲಾತ್ಕಾರವನ್ನು ಬರೆದಿದ್ದಾರೆ. 1920ರಲ್ಲಿ ಬಹುಮಾನ ಪಡೆದ ನಾರ್ವೆಯ ಕ್ನೂಟ್ ಹಾಮ್ಸುನ್ ಆ ಪದಕವನ್ನು 1943ರಲ್ಲಿ ನಾಜಿ ಮಂತ್ರಿ ಗೊಬೆಲ್ಸ್‌ಗೆ ಕಳಿಸಿಕೊಟ್ಟರು. ಇವರನ್ನು ಓದಬೇಕೋ ಬೇಡವೋ ಅಂತ ನಾನು ತೀರ್ಪು ಕೊಡಲಾರೆ. ಓದಲು ಮನಸ್ಸು ಬರುವುದಿಲ್ಲ ಅನ್ನುವುದೂ ಸರಿಯಾದ ಕಾರಣವೇ. ನಾನು ಮನ್ರೊ ಅವರನ್ನು ಓದುವುದು ಬಿಟ್ಟಿಲ್ಲ. ಆದರೆ ಅವರ ಕಥೆಗಳಲ್ಲಿ ಬಾಯಿಮುಚ್ಚಿಕೊಂಡ ತಾಯಂದಿರು ಬಂದಾಗ ಮೊದಲಿನ ಹಾಗೆ ಓದಲು ಆಗುವುದಿಲ್ಲ.

ಕಷ್ಟದವರು

ಕಷ್ಟ ಅಂತ ಹೆಸರಾದವರನ್ನು ಕೊನೆಗಿಟ್ಟಿದ್ದೇನೆ. ಬಿಟ್ಟುಬಿಡಲು ಅಲ್ಲ. ಇವರಿಗೆ ಬಾಗಿಲು ಆರಿಸಿಕೊಳ್ಳುವುದು ಎಲ್ಲರಿಗಿಂತ ಜಾಸ್ತಿ ಮುಖ್ಯ.

ಫಾಕ್ನರ್ ನನಗೆ ಮತ್ತೆ ಸಿಕ್ಕಿದ್ದು 'ಆ್ಯಸ್ ಐ ಲೇ ಡೈಯಿಂಗ್' ಮೂಲಕ. ಹಾಸಿಗೆ ಹಿಡಿದ ತಾಯಿ ಕಿಟಕಿಯಿಂದ ನೋಡುತ್ತಿರುವಾಗಲೇ ಹೊರಗೆ ಮಗ ಅವಳ ಶವಪೆಟ್ಟಿಗೆ ಕೊಯ್ದು ಹೊಂದಿಸುತ್ತಿರುತ್ತಾನೆ. ಅವಳ ಆಸೆಯಂತೆ ದೂರದ ಊರಿಗೆ ಹೆಣ ಸಾಗಿಸುವುದೇ ಕಥೆ. ಹದಿನೈದು ದನಿಗಳು, 59 ಅಧ್ಯಾಯ, ಪ್ರತಿ ಅಧ್ಯಾಯದ ಮೇಲೆ ಮಾತಾಡುವವರ ಹೆಸರು. ಒಂದು ಅಧ್ಯಾಯದಲ್ಲಿ ಐದೇ ಪದ. ಯಾರ ತಲೆಯೊಳಗೆ ಇದ್ದೇವೆ ಅಂತ ಗೊತ್ತಿದ್ದರೆ ಸಾಕು, ಉಳಿದದ್ದು ತಾನಾಗಿ ಸಾಗುತ್ತದೆ. ಇದಾದ ಮೇಲೆ ನಾನು ಮೊದಲು ಕೈಬಿಟ್ಟಿದ್ದ ಪುಸ್ತಕವೂ ತೆರೆದುಕೊಂಡಿತು.

2025ರಲ್ಲಿ ಬಹುಮಾನ ಪಡೆದ ಹಂಗೇರಿಯ ಲಾಸ್ಲೊ ಕ್ರಾಸ್ನಹೊರ್ಕಾಯ್ ಪೂರ್ಣವಿರಾಮಕ್ಕೆ ಅವಸರ ಮಾಡುವವರಲ್ಲ. 1985ರ 'ಸಟಾನ್‌ಟ್ಯಾಂಗೊ'ದಲ್ಲಿ ಒಂದೊಂದು ಅಧ್ಯಾಯವೂ ಒಂದೇ ಪ್ಯಾರಾ. ಅಧ್ಯಾಯಗಳ ಸಂಖ್ಯೆ ಒಂದರಿಂದ ಆರಕ್ಕೆ ಹೋಗಿ, ನೃತ್ಯದ ಹೆಜ್ಜೆಯ ಹಾಗೆ ಆರರಿಂದ ಒಂದಕ್ಕೆ ವಾಪಸ್ ಬರುತ್ತದೆ. ಮಳೆ, ಕೆಸರು, ಕುಸಿದ ಹಳ್ಳಿ, ಸತ್ತನೆಂದುಕೊಂಡವನು ತಿರುಗಿ ಬರುವ ಸುದ್ದಿ. ಹೆದರಿಕೆ ಆದರೆ 'ದಿ ಲಾಸ್ಟ್ ವುಲ್ಫ್' ಹಿಡಿಯಿರಿ. ಅದು ಪೂರ್ತಿ ಒಂದೇ ವಾಕ್ಯ, ಆದರೆ ಚಿಕ್ಕದು. ಬಾರಿನಲ್ಲಿ ಕೂತವನೊಬ್ಬ ಮಾತು ನಿಲ್ಲಿಸದೆ ಹೇಳುತ್ತಾ ಹೋಗುವ ಕಥೆ. ಎದ್ದು ಹೋಗದೆ ಒಂದೇ ಸಲಕ್ಕೆ ಕೂತು ಓದಬೇಕು. ಬೇಕಿದ್ದರೆ ಜೋರಾಗಿ ಓದಿ.

ನಾರ್ವೆಯ ಯೂನ್ ಫೊಸ್ಸೆ ಅವರೂ ವಿರಾಮಚಿಹ್ನೆಗಳಲ್ಲಿ ಹೀಗೇ. ಆದರೆ ಅವರ ಉದ್ದ ವಾಕ್ಯ ಅಲೆಯ ಹಾಗೆ ಬಂದು ಬಂದು ಹೋಗುತ್ತದೆ, ಉಸಿರು ಕಟ್ಟಿಸುವುದಿಲ್ಲ. ಅವರ ಏಳು ಭಾಗದ 'ಸೆಪ್ಟಾಲಜಿ'ಗೆ ಹೋಗುವ ಮುಂಚೆ 'ಮಾರ್ನಿಂಗ್ ಅಂಡ್ ಈವ್ನಿಂಗ್' ಓದಿ. ಮೊದಲ ಭಾಗದಲ್ಲಿ ಬೆಸ್ತರ ಮನೆಯಲ್ಲಿ ಯೊಹಾನೆಸ್ ಅನ್ನುವ ಮಗು ಹುಟ್ಟುತ್ತದೆ, ಅಪ್ಪ ಓಲಾಯ್ ಹೊರಗೆ ಕಾಯುತ್ತಿರುತ್ತಾನೆ. ಎರಡನೇ ಭಾಗದಲ್ಲಿ ಅದೇ ಯೊಹಾನೆಸ್ ಮುದುಕನಾಗಿ ಒಂದು ಬೆಳಗ್ಗೆ ಏಳುತ್ತಾನೆ. ಮೈ ಯಾಕೋ ಹಗುರ ಅನ್ನಿಸುತ್ತದೆ, ನೋವಿಲ್ಲ. ದಡಕ್ಕೆ ನಡೆದರೆ ಎಂದೋ ತೀರಿಕೊಂಡ ಗೆಳೆಯ ಪೀಟರ್ ಅಲ್ಲಿ ನಿಂತಿದ್ದಾನೆ. ಇಬ್ಬರೂ ಹಳೆಯ ದಿನಗಳ ಹಾಗೆ ದೋಣಿ ಹತ್ತುತ್ತಾರೆ.